ಬಿಡಿಬಿಡಿಯಾಗಿ ಎಲ್ಲ ಸರಿ, ಸೇರಿಸಿದರೆ ಆನ್ ಆಗಲ್ಲ: ಮನೆಯಲ್ಲಿ ಜೋಡಿಸಿದ ಒಂದು ಡೆಸ್ಕ್‌ಟಾಪಿನ ಪ್ರಕರಣ

ಕಂಪ್ಯೂಟರಿನ ಮಾಲೀಕನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರು, ಊರು, ಅವನು ಹೋದ ಅಂಗಡಿ, ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಪವರ್ ಕೊಡುವ ಡಬ್ಬಿ) ತಯಾರಿಸಿದ ಕಂಪನಿ ಇದ್ಯಾವುದೂ ಇಲ್ಲಿ ಬರುವುದಿಲ್ಲ. ಬೇಕಾಗಿಯೂ ಇಲ್ಲ, ಬೇರೆ ಕಂಪನಿಯ ಮಾಲಿನಲ್ಲೂ ಇದು ಆಗಬಹುದಿತ್ತು. ಅವನನ್ನು ‘ಹುಡುಗ’ ಅಂತಲೇ ಕರೆಯುತ್ತೇನೆ. ಎಂಜಿನಿಯರಿಂಗ್ ಓದುತ್ತಾನೆ, ಮಲೆನಾಡಿನ ಅಂಚಿನ ಒಂದು ತಾಲೂಕು ಊರಿನವನು, ನನಗೆ ದೂರದ ಪರಿಚಯ. ನಾನು ಈ ಕಂಪ್ಯೂಟರನ್ನು ಕೈಯಲ್ಲಿ ಮುಟ್ಟಲೇ ಇಲ್ಲ. ನಾನು ಮಾಡಿದ್ದೆಲ್ಲ ಫೋನಿನಲ್ಲಿ, ವಿಡಿಯೊ ಕಾಲಿನಲ್ಲಿ.

ಹಿನ್ನೆಲೆ

ಕಂಪ್ಯೂಟರ್ ಅವನೇ ಜೋಡಿಸಿದ್ದು. ಬಿ450 ಮದರ್‌ಬೋರ್ಡ್ (ಮುಂದೆ ಬರೀ ‘ಬೋರ್ಡ್’), ರೈಜನ್ 5 3600 ಪ್ರೊಸೆಸರ್ (ಸಿಪಿಯು), ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಎರಡು ರ‍್ಯಾಮ್, ವಿಂಡೋಸ್ ಇರುವ, ಕೇಬಲ್ ಇಲ್ಲದೆ ಬೋರ್ಡಿಗೇ ಕೂರುವ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಅದರ ಜೊತೆಗೆ ಕೇಬಲ್ಲಿನಲ್ಲಿ ಜೋಡಿಸುವ 2.5 ಇಂಚಿನ ಒಂದು ಸಾಟಾ ಎಸ್‌ಎಸ್‌ಡಿ, ಮತ್ತೆ ಮನೆಯವರ ಫೋಟೊ ಎಲ್ಲ ತುಂಬಿಕೊಂಡ ಹಳೆಯ 1 ಟಿಬಿ ಹಾರ್ಡ್ ಡಿಸ್ಕ್. ಕೆಲವು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು.

ಎಸ್‌ಎಂಪಿಎಸ್ 550 ವ್ಯಾಟಿನದ್ದು, ಸೆಮಿ ಮಾಡ್ಯುಲರ್. ಅಂದರೆ ಬೋರ್ಡಿಗೆ ಹೋಗುವ 24 ಪಿನ್ ಕೇಬಲ್, ಸಿಪಿಯುಗೆ ಹೋಗುವ 8 ಪಿನ್ ಕೇಬಲ್ ಎರಡೂ ಡಬ್ಬಿಗೇ ಅಂಟಿಕೊಂಡಿರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಕೇಬಲ್, ಡಿಸ್ಕಿನ ಸಾಟಾ ಪವರ್ ಕೇಬಲ್ ಮಾತ್ರ ಎರಡೂ ತುದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಈ ವಿವರ ಆಮೇಲೆ ಬೇಕಾಗುತ್ತದೆ.

ಅವನಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತು. ಅದಕ್ಕೆ ಕರೆಂಟ್ ಜಾಸ್ತಿ ಬೇಕು, 8 ಪಿನ್ನಿನ ಎರಡು ಕೇಬಲ್ ಬೇಕು. ಹಾಗಾಗಿ ಬೆಂಗಳೂರಿಗೆ ಬಂದಾಗ ಎಸ್‌ಪಿ ರಸ್ತೆಯಲ್ಲಿ 750 ವ್ಯಾಟಿನ ಫುಲ್ ಮಾಡ್ಯುಲರ್ (ಎಲ್ಲ ಕೇಬಲ್ಲೂ ಬಿಚ್ಚಿಕೊಳ್ಳುವ) ಎಸ್‌ಎಂಪಿಎಸ್ ಒಂದನ್ನು ಕೊಂಡ. ಹೊಸದು, ಸೀಲ್ ಒಡೆಯದ ಡಬ್ಬ, ಬಿಲ್ ಸಮೇತ. ಊರಿಗೆ ಹೋದವನೇ ಒಂದೇ ಸಂಜೆ ಎಸ್‌ಎಂಪಿಎಸ್ಸೂ ಬದಲಾಯಿಸಿದ, ಕಾರ್ಡೂ ಹಾಕಿದ. ಎರಡು ಬದಲಾವಣೆ ಒಟ್ಟಿಗೆ. ಎಲ್ಲರೂ ಹೀಗೇ ಮಾಡುತ್ತಾರೆ, ಅಲ್ವಾ? ಒಮ್ಮೆ ಕ್ಯಾಬಿನೆಟ್ ಬಿಚ್ಚಿದ ಮೇಲೆ ಎಲ್ಲ ಮುಗಿಸಿಯೇ ಮುಚ್ಚೋಣ ಅನಿಸುತ್ತದೆ.

ಸಮಸ್ಯೆ

ಬಟನ್ ಒತ್ತಿದ. ಸಿಪಿಯು ಫ್ಯಾನ್ ಕಾಲು ಸುತ್ತು ಅಲುಗಿತು, ಲೈಟು ಒಮ್ಮೆ ಮಿಂಚಿತು, ಎಸ್‌ಎಂಪಿಎಸ್ ಒಳಗಿನಿಂದ ‘ಟಿಕ್’ ಅಂತ ಸದ್ದು ಬಂತು. ಅಷ್ಟೇ. ಮತ್ತೆ ಒತ್ತಿದರೆ ಏನೂ ಇಲ್ಲ. ಹಿಂದಿನ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಕಾಲು ಸುತ್ತು, ಅದೇ ಟಿಕ್. ಬೋರ್ಡಿನ ಮೂಲೆಯ ಚಿಕ್ಕ ಎಲ್‌ಇಡಿ ಮಾತ್ರ ಉದ್ದಕ್ಕೂ ಉರಿಯುತ್ತಲೇ ಇತ್ತು.

ಈ ಲಕ್ಷಣದಲ್ಲೇ ಸಾಕಷ್ಟು ಸುದ್ದಿ ಇದೆ. ಬಟನ್ ಒತ್ತುವುದಕ್ಕೂ ಮೊದಲೇ ಎಸ್‌ಎಂಪಿಎಸ್ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಿರುತ್ತದೆ, ಆ ಚಿಕ್ಕ ಎಲ್‌ಇಡಿ ಉರಿಯುವುದು ಅದರಿಂದಲೇ. ಬಟನ್ ಒತ್ತಿದಾಗ ಬೋರ್ಡು 24 ಪಿನ್ ಕನೆಕ್ಟರಿನ 16ನೇ ಪಿನ್ನನ್ನು, ಬಣ್ಣದ ತಂತಿ ಇದ್ದರೆ ಹಸಿರು ತಂತಿಯನ್ನು, ಗ್ರೌಂಡಿಗೆ (ಅಂದರೆ 0 ವೋಲ್ಟಿಗೆ) ಎಳೆಯುತ್ತದೆ. ಆಗ ಎಸ್‌ಎಂಪಿಎಸ್ 12, 5, 3.3 ವೋಲ್ಟ್‌ಗಳನ್ನು ಎಬ್ಬಿಸುತ್ತದೆ. ಎಲ್ಲ ನೆಟ್ಟಗಿದೆ ಅನಿಸಿದ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ‘ಪವರ್ ಸರಿ ಇದೆ’ ಅನ್ನುವ ಸಿಗ್ನಲ್ಲನ್ನು 8ನೇ ಪಿನ್ನಿನಲ್ಲಿ ಕಳಿಸುತ್ತದೆ. ಅದು ಬಂದ ಮೇಲೇ ಪ್ರೊಸೆಸರ್ ಕೆಲಸ ಶುರು ಮಾಡುವುದು. ರ‍್ಯಾಮ್, ಗ್ರಾಫಿಕ್ಸ್, ಬಯೋಸ್ (ವಿಂಡೋಸಿಗೂ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಸರದಿ ಬರುವುದು ಇದಾದ ಮೇಲೆ.

ಈ ಸಾಲಿನಲ್ಲಿ ಹುಡುಗನ ಕಂಪ್ಯೂಟರ್ ಎಲ್ಲಿ ನಿಂತಿದೆ? ಎಲ್‌ಇಡಿ ಉರಿಯುತ್ತಿದೆ, ಅಂದರೆ ಗೋಡೆಯ ಸಾಕೆಟ್ಟು, ಪವರ್ ಕಾರ್ಡು, ಸ್ಟ್ಯಾಂಡ್‌ಬೈ ಸರಿ. ಫ್ಯಾನ್ ಅಲುಗಿತು, ಅಂದರೆ ಬಟನ್ನೂ ಸರಿ, ಹಸಿರು ತಂತಿಯ ಸಂದೇಶವೂ ಹೋಗಿದೆ. 12 ವೋಲ್ಟ್ ಏಳಲು ಹೋಗಿ ಬಿದ್ದಿದೆ. ಎಲ್ಲೋ ಶಾರ್ಟ್ ಇದ್ದಾಗ ಎಸ್‌ಎಂಪಿಎಸ್ ತನ್ನನ್ನೇ ಆರಿಸಿಕೊಂಡು ಕೂರುತ್ತದಲ್ಲ, ಆಗ ಕಾಣುವುದು ಥೇಟ್ ಹೀಗೆಯೇ. ಮನೆಯ ಎಂಸಿಬಿ ಟ್ರಿಪ್ ಆದ ಹಾಗೆ. ಎರಡನೇ ಸಲ ಒತ್ತಿದಾಗ ಏನೂ ಆಗದಿದ್ದದ್ದೂ ಇದಕ್ಕೇ. ರಕ್ಷಣೆ ಒಮ್ಮೆ ಹಿಡಿದುಕೊಂಡರೆ ಇಂಥ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸುವ ತನಕ ಬಿಡುವುದಿಲ್ಲ.

ಈ ಹಂತದಲ್ಲಿ ರ‍್ಯಾಮ್ ಬಿಚ್ಚಿ ಉಜ್ಜುವುದು, ಬೋರ್ಡಿನ ಸಿಆರ್2032 ಬಟನ್ ಸೆಲ್ ತೆಗೆದು ಬಯೋಸ್ ರೀಸೆಟ್ ಮಾಡುವುದು, ಇವೆಲ್ಲ ಸುಮ್ನೆ. ಫ್ಯಾನ್ ಎಲ್ಲ ಧಾರಾಳವಾಗಿ ತಿರುಗುತ್ತಿದೆ, ಆದರೆ ಪರದೆ ಕಪ್ಪು ಅನ್ನುವಾಗ ಮಾಡುವ ಕೆಲಸ ಅದು. ಹುಡುಗ ಅದನ್ನೆಲ್ಲ ಮೊದಲು ಮಾಡಿದ. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದೇ ಆ ಉಪಾಯಗಳು, ಅವನದ್ದೇನೂ ತಪ್ಪಿಲ್ಲ.

ಏನೇನು ಮಾಡಿ ನೋಡಿದರು

ಹೊಸ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಬಂದು ಅದನ್ನು ಕಿತ್ತಿಟ್ಟ. ರೈಜನ್ 5 3600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆದರೆ ಫ್ಯಾನ್ ತಿರುಗಲೇಬೇಕು. ತಿರುಗಲಿಲ್ಲ, ಅದೇ ಟಿಕ್. ಕಾರ್ಡ್ ಪಾರಾಯಿತು.

ಆಮೇಲೆ ಪೇಪರ್ ಕ್ಲಿಪ್ ಪರೀಕ್ಷೆ ಮಾಡಿದ. 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಬಿಚ್ಚಿ, ಸಿಪಿಯು ಕೇಬಲ್ಲನ್ನೂ ಬಿಚ್ಚಿ, 16ನೇ ಪಿನ್ನಿಗೂ ಪಕ್ಕದ ಗ್ರೌಂಡಿಗೂ ಕ್ಲಿಪ್ ಸಿಕ್ಕಿಸಿ ಹಿಂದಿನ ಸ್ವಿಚ್ ಹಾಕುವುದು. ಬೋರ್ಡ್ ಮಾಡುವ ಕೆಲಸವನ್ನು ಕ್ಲಿಪ್ ಮಾಡುತ್ತದೆ. ಎಸ್‌ಎಂಪಿಎಸ್ ಸರಿ ಇದ್ದರೆ ಅದರ ಫ್ಯಾನ್ ತಿರುಗಬೇಕು. (ಕೆಲವು ಹೊಸ ಮಾದರಿಗಳಲ್ಲಿ ಲೋಡ್ ಇಲ್ಲದಾಗ ಫ್ಯಾನ್ ತಿರುಗದಂತೆ ಮಾಡಿರುತ್ತಾರೆ, ಅದನ್ನು ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಇವನದ್ದರಲ್ಲಿ ಅದಕ್ಕೆ ಬೇರೆ ಬಟನ್ ಇತ್ತು, ಆರಿಸಿಯೇ ಇತ್ತು.) ಸ್ವಿಚ್ ಹಾಕಿದ ಕೂಡಲೇ ಟಿಕ್. ಫ್ಯಾನ್ ಅಲುಗಿ ನಿಂತಿತು.

‘ಹೊಸ ಎಸ್‌ಎಂಪಿಎಸ್ಸೇ ಡೆಡ್’ ಅಂದುಕೊಂಡ. ಆ ಹೊತ್ತಿಗೆ ಅವನ ಕೈಯಲ್ಲಿದ್ದ ಮಾಹಿತಿಗೆ ಅದು ಸರಿಯಾದ ತೀರ್ಮಾನವೇ.

ಮರುದಿನ ಊರಿನ ಕಂಪ್ಯೂಟರ್ ಅಂಗಡಿಗೆ ಹೋದ. ಇಡೀ ಕ್ಯಾಬಿನೆಟ್ ಸ್ಕೂಟರಿನಲ್ಲಿ ಒಯ್ಯುವುದು ಕಷ್ಟ. ಎಸ್‌ಎಂಪಿಎಸ್ ಡಬ್ಬಿ, ಅದರ 24 ಪಿನ್ ಕೇಬಲ್, ಸಿಪಿಯು ಕೇಬಲ್ ಇಷ್ಟನ್ನೇ ಒಯ್ದ. ಅಂಗಡಿಯವರು ಅದನ್ನು ಟೆಸ್ಟರಿಗೆ ಹಾಕಿದರು. ಸಲೀಸಾಗಿ ಆನ್ ಆಯಿತು. 12 ವೋಲ್ಟ್ ನೆಟ್ಟಗೆ 12ರ ಹತ್ತಿರ, 5 ಮತ್ತು 3.3 ಕೂಡ ಸರಿ. ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮಾನದಂಡ) ನಿಯಮದ 2.x ಆವೃತ್ತಿಗಳಲ್ಲಿ ಈ ಮೂರಕ್ಕೂ ಶೇಕಡಾ 5ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಇದೆ, 12 ವೋಲ್ಟ್ ಅಂದರೆ 11.4ರಿಂದ 12.6. ಇದು ಆ ಗಡಿಯೊಳಗೆ ಆರಾಮಾಗಿ ಇತ್ತು. ‘ನೀನು ಮನೇಲಿ ಕ್ಲಿಪ್ ಸರಿಯಾಗಿ ಹಾಕಿಲ್ಲ ಕಣಪ್ಪ, ಇದು ಚೆನ್ನಾಗೇ ಇದೆ. ಬೋರ್ಡ್ ಹೋಗಿದೆ’ ಅಂದರು.

ಮನೆಗೆ ಬಂದು, ಬೋರ್ಡನ್ನು ಪ್ರೊಸೆಸರ್, ಕೂಲರ್, ರ‍್ಯಾಮ್ ಸಮೇತ ಬಿಚ್ಚಿಕೊಂಡು ಮತ್ತೆ ಹೋದ. ಅಂಗಡಿಯವರ ಎಸ್‌ಎಂಪಿಎಸ್ಸಿಗೆ, ಅಂಗಡಿಯದ್ದೇ ಒಂದು ಹಳೆಯ ಕಾರ್ಡಿಗೆ ಹಾಕಿ ನೋಡಿದರು. ಬೋರ್ಡೂ ಆನ್ ಆಯಿತು, ಬಯೋಸ್ ಕೂಡ ಬಂತು.

ಈಗ ತಲೆ ಕೆಡುವ ಪರಿಸ್ಥಿತಿ. ಎಸ್‌ಎಂಪಿಎಸ್ ಒಂದೇ ಇದ್ದರೆ ಸರಿ, ಬೋರ್ಡ್ ಒಂದೇ ಇದ್ದರೆ ಸರಿ, ಮನೆಗೆ ತಂದು ಸೇರಿಸಿದರೆ ಟಿಕ್. ಅಂಗಡಿಯವರು ಎರಡು ಕಾರಣ ಕೊಟ್ಟರು: ಒಂದು, ಕ್ಯಾಬಿನೆಟ್ಟಿನಲ್ಲಿ ಬೋರ್ಡ್ ಎಲ್ಲೋ ತಗಲಿ ಶಾರ್ಟ್ ಆಗುತ್ತಿದೆ. ಎರಡು, ನಿಮ್ಮ ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲ.

ಎರಡೂ ಸುಳ್ಳು ಅನ್ನುವ ಹಾಗಿರಲಿಲ್ಲ, ತಮಾಷೆ ಅದೇ. ಕ್ಯಾಬಿನೆಟ್ ನೋಡಿದರೆ ಬೋರ್ಡಿನ ಹಿಂದೆ ಬೇಡದ ಜಾಗದಲ್ಲಿ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ ನಿಜವಾಗಿಯೂ ಇತ್ತು. ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತಿ ಹಿಡಿಯುವ ಸ್ಕ್ರೂಗಳು ಇವು. ಬೋರ್ಡಿನಲ್ಲಿ ತೂತು ಇಲ್ಲದ ಕಡೆ ಒಂದು ಉಳಿದುಬಿಟ್ಟರೆ ಹಿಂಬದಿಯ ಬೆಸುಗೆಗೆ ತಗಲಿ ಶಾರ್ಟ್ ಆಗಬಹುದು. ಹುಡುಗನಿಗೆ ಖುಷಿಯಾಯಿತು, ಕಳ್ಳ ಸಿಕ್ಕಿದ ಅಂತ. ತೆಗೆದು ಹಾಕಿ ಮತ್ತೆ ಜೋಡಿಸಿದ. ಟಿಕ್.

ಇನ್ನು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಅವರ ಮನೆಯಲ್ಲಿ ಮೊದಲಿನಿಂದಲೂ ಇತ್ತಂತೆ. ಪಕ್ಕದ ಮನೆಯ ವೈರ್‌ಮನ್ ಬಂದು ಆ ಸಾಕೆಟ್ಟಿಗೆ ಅರ್ಥ್ ತಂತಿಯೇ ಬಂದಿಲ್ಲ ಅಂತ ತೋರಿಸಿದರು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಿಗೆ ಕಟ್ಟಿರುತ್ತವೆ. ಅರ್ಥ್ ಇಲ್ಲದಿದ್ದರೆ ಡಬ್ಬಿಯೂ ಅದರ ಜೊತೆ ಕ್ಯಾಬಿನೆಟ್ಟೂ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತವೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಜುಮ್ ಅಷ್ಟೇ. ಸರಿ ಮಾಡಿಸಲೇಬೇಕಾದ ವಿಷಯ ಇದು, ಒಪ್ಪುತ್ತೇನೆ. ಆದರೆ ಹಳೆಯ ಎಸ್‌ಎಂಪಿಎಸ್ ವರ್ಷಗಟ್ಟಲೆ ಅದೇ ಸಾಕೆಟ್ಟಿನಲ್ಲಿ ನಡೆದಿತ್ತಲ್ಲ? ಜೊತೆಗೆ, ಅರ್ಥ್ ಇಲ್ಲ ಅನ್ನುವ ಕಾರಣಕ್ಕೆ 12 ವೋಲ್ಟ್ ಕಡೆಯ ಶಾರ್ಟ್ ರಕ್ಷಣೆ ಟ್ರಿಪ್ ಆಗುವುದಿಲ್ಲ. ವೈರ್‌ಮನ್ ಅರ್ಥ್ ಎಳೆದು ಕೊಟ್ಟರು. ಜುಮ್ ಹೋಯಿತು, ಟಿಕ್ ಹೋಗಲಿಲ್ಲ.

ಇಷ್ಟಾದ ಮೇಲೆ ಅಂಗಡಿಯವರು, ಬೋರ್ಡ್ ‘ಲೋಡ್ ತಗೊಳ್ತಿಲ್ಲ’ ಅಂದರು. ಇದಕ್ಕೆ ಅರ್ಥ ಏನು ಅಂತ ಅವರನ್ನೇ ಕೇಳಬೇಕು. ಹೊಸ ಬೋರ್ಡಿಗೆ ಒಂದು ರೇಟು ಹೇಳಿದರು. ಹುಡುಗನ ತಂದೆ ದುಡ್ಡು ಕೊಡಲು ಒಪ್ಪಿಯೂ ಆಗಿತ್ತು. ನನಗೆ ಫೋನ್ ಬಂದದ್ದು ಆವಾಗ.

ಕೊಳ್ಳುವ ಮೊದಲು ಕೇಳಿದ ಪ್ರಶ್ನೆ

‘ಅಣ್ಣ, ಈ ಬೋರ್ಡಿನ ಬದಲು ಬಿ550 ತಗೊಳ್ಲಾ?’ ಅನ್ನುವುದು ಅವನ ಪ್ರಶ್ನೆ. ಯಾವುದೂ ತಗೊಳ್ಳಬೇಡ, ಮೊದಲಿನಿಂದ ಹೇಳು ಅಂದೆ. ಯಾವುದು ಕೆಟ್ಟಿದೆ ಅನ್ನುವುದು ಬೇಡ, ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಹೇಳು.

ಅವನು ಹೇಳುತ್ತಾ ಹೋದಾಗ ನನ್ನ ಕಿವಿ ನೆಟ್ಟಗಾದದ್ದು ಕ್ಲಿಪ್ ಪರೀಕ್ಷೆಯ ಹತ್ತಿರ. ಮೊದಲ ಸಂಜೆ, ಬೋರ್ಡಿಗೆ ಹೋಗುವ ಎರಡೂ ಕೇಬಲ್ ಬಿಚ್ಚಿದ್ದಾಗ, ಎಸ್‌ಎಂಪಿಎಸ್ ಟಿಕ್ ಅಂದಿದೆ. ಅಂದರೆ ಆಗ ಎಸ್‌ಎಂಪಿಎಸ್ಸಿಗೂ ಬೋರ್ಡಿಗೂ ಸಂಬಂಧವೇ ಇಲ್ಲ. ಬೋರ್ಡ್ ಕೆಟ್ಟಿದೆ ಅನ್ನುವ ವಾದ ಅಲ್ಲಿಗೇ ಮುಗಿಯಬೇಕಿತ್ತು. ಸ್ಟ್ಯಾಂಡ್‌ಆಫ್ ವಾದವೂ ಅಷ್ಟೇ.

ಮುಗಿಯಲಿಲ್ಲ ಯಾಕೆ? ಅಂಗಡಿಯಲ್ಲಿ ಅದೇ ಪರೀಕ್ಷೆ ಪಾಸಾಯಿತಲ್ಲ, ಅದಕ್ಕೆ. ಒಂದೇ ಪರೀಕ್ಷೆ, ಮನೆಯಲ್ಲಿ ಫೇಲು, ಅಂಗಡಿಯಲ್ಲಿ ಪಾಸು. ಎರಡು ಉತ್ತರ ಜಗಳಾಡಿದಾಗ ಅಂಗಡಿಯವರು ಒಂದನ್ನು ಸುಳ್ಳು ಅಂದುಬಿಟ್ಟರು, ಅದೂ ಹುಡುಗನದ್ದನ್ನು. ಅವನು ಚಿಕ್ಕವನು, ಅವರು ಅನುಭವ ಇರುವವರು. ಹುಡುಗನೂ ನಂಬಿದ. ನನ್ನ ಪ್ರಕಾರ ಇಡೀ ಪ್ರಕರಣ ದಾರಿ ತಪ್ಪಿದ್ದು ಅಲ್ಲೇ. ಎರಡೂ ಉತ್ತರ ನಿಜವೇ ಆಗಿದ್ದರೆ? ಆಗ ಕೇಳಬೇಕಾದದ್ದು ಒಂದೇ: ಮನೆಯಲ್ಲಿ ಆ ಡಬ್ಬಿಗೆ ಸಿಕ್ಕಿಕೊಂಡಿದ್ದು, ಅಂಗಡಿಗೆ ಹೋಗದೆ ಉಳಿದದ್ದು ಯಾವುದು?

‘ಅಂಗಡಿಗೆ ಏನೇನು ತಗೊಂಡು ಹೋಗಿದ್ದೆ? ಬೋರ್ಡ್, ಎಸ್‌ಎಂಪಿಎಸ್, ರ‍್ಯಾಮ್, ಪ್ರೊಸೆಸರ್. ಮನೇಲೇ ಉಳಿದದ್ದು?’

ಸ್ವಲ್ಪ ಹೊತ್ತು ಸದ್ದಿಲ್ಲ. ‘ಕ್ಯಾಬಿನೆಟ್ಟು... ಅದರ ಫ್ಯಾನು... ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ ಅಣ್ಣ.’

ಕ್ಯಾಬಿನೆಟ್ ಫ್ಯಾನುಗಳು ಬೋರ್ಡಿಗೆ ಸಿಕ್ಕಿಸಿದವು, ಎಸ್‌ಎಂಪಿಎಸ್ಸಿಗೆ ನೇರ ಅಲ್ಲ. ಉಳಿದದ್ದು ಎರಡು ಡಿಸ್ಕ್. ಕ್ಲಿಪ್ ಪರೀಕ್ಷೆ ಮಾಡುವಾಗ ಅವುಗಳಿಗೆ ಪವರ್ ಕೇಬಲ್ ಹಾಗೇ ಇತ್ತಾ? ಇತ್ತು. ಬೋರ್ಡಿನ ಕೇಬಲ್ ಬಿಚ್ಚಿದವನು ಡಿಸ್ಕಿನದ್ದನ್ನು ಬಿಚ್ಚಿರಲಿಲ್ಲ. ಡಿಸ್ಕು ಕ್ಯಾಬಿನೆಟ್ಟಿನ ಹಿಂಬದಿಯ ಮುಚ್ಚಳದ ಒಳಗಿದೆ, ಎದುರಿಗೆ ಕಾಣುವುದಿಲ್ಲ. ‘ಆನ್ ಆಗುವುದಕ್ಕೂ ಡಿಸ್ಕಿಗೂ ಏನು ಸಂಬಂಧ’ ಅನ್ನುವ ನಂಬಿಕೆ ಬೇರೆ. ಡಿಸ್ಕ್ ಇಲ್ಲದೆಯೂ ಕಂಪ್ಯೂಟರ್ ಬಯೋಸ್ ತನಕ ಹೋಗುತ್ತದೆ, ನಿಜ. ಆದರೆ ಶಾರ್ಟ್ ಆದ ಡಿಸ್ಕ್ ಇಡೀ ಎಸ್‌ಎಂಪಿಎಸ್ಸನ್ನೇ ಕೂರಿಸಿಬಿಡುತ್ತದೆ.

ಎರಡು ಡಿಸ್ಕು ಒಟ್ಟಿಗೆ ಸತ್ತವಾ?

ವಿಡಿಯೊ ಕಾಲ್ ಹಾಕಿಕೊಂಡು, ಪರದೆಗಾಗಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಡಿಸ್ಕುಗಳನ್ನು ಒಂದೊಂದೇ ಬಿಚ್ಚಿಸಿದೆ. ಪ್ರತಿ ಸಲ ಹಿಂದಿನ ಸ್ವಿಚ್ ಆರಿಸಿ, ಸ್ಟ್ಯಾಂಡ್‌ಬೈ ಎಲ್‌ಇಡಿ ಆರುವ ತನಕ ಕಾದು, ಆಮೇಲೆ ಕೈ ಹಾಕುವುದು. ಹಾರ್ಡ್ ಡಿಸ್ಕ್ ಬಿಚ್ಚಿ, ಎಸ್‌ಎಸ್‌ಡಿ ಇಟ್ಟು ಒತ್ತಿದ: ಟಿಕ್. ಎಸ್‌ಎಸ್‌ಡಿ ಬಿಚ್ಚಿ, ಹಾರ್ಡ್ ಡಿಸ್ಕ್ ಹಾಕಿ ಒತ್ತಿದ: ಟಿಕ್. ಎರಡೂ ಬಿಚ್ಚಿದ. ಎಲ್ಲ ಫ್ಯಾನುಗಳೂ ಗುಂಯ್ ಅಂದವು, ಪರದೆಯಲ್ಲಿ ಬಯೋಸ್ ಬಂತು, ಎನ್‌ವಿಎಂಇಯಿಂದ ವಿಂಡೋಸ್ ಕೂಡ ಬಂತು.

ಹುಡುಗ ಕುಣಿದ. ಮರುಕ್ಷಣ ಮುಖ ಸಣ್ಣದಾಯಿತು. ‘ಹಾಗಾದ್ರೆ ಎರಡೂ ಡಿಸ್ಕ್ ಹೋದ್ವಾ ಅಣ್ಣ? ಅಮ್ಮನ ಫೋಟೊ ಎಲ್ಲ ಅದರಲ್ಲೇ ಇದೆ.’

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವ ತಿರುವು ಇದು. ಇಲ್ಲಿ ಎರಡು ದಾರಿ ಇತ್ತು. ಒಂದು, ಡಿಸ್ಕ್ ಶಾರ್ಟ್ ಆಗಿವೆ ಅಂತ ತೀರ್ಮಾನಿಸಿ ಡೇಟಾ ರಿಕವರಿಯವರ ಹತ್ತಿರ ಓಡುವುದು. ಹಾಗೆ ನಿಜವಾಗಿಯೂ ಆಗುತ್ತದೆ. ಹಾರ್ಡ್ ಡಿಸ್ಕಿನ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಅಂತ ಇರುತ್ತದೆ, ವೋಲ್ಟೇಜ್ ಮಿತಿ ಮೀರಿ ಬಂದರೆ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತದೆ, ಆಮೇಲೆ ಆ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಆನ್ ಆಗುವುದಿಲ್ಲ. ಲಕ್ಷಣ ಇದೇ. ಆದರೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ವಯಸ್ಸಿನ ಎರಡು ಡಿಸ್ಕು ಒಂದೇ ಸಂಜೆ ಒಂದೇ ರೀತಿ ಸಾಯುವುದಕ್ಕೆ ಏನಾದರೂ ಸಮಾನ ಕಾರಣ ಬೇಕು. ಎರಡಕ್ಕೂ ಸಮಾನವಾಗಿದ್ದದ್ದು ಒಂದೇ, ಅವಕ್ಕೆ ಹೋಗುವ ಪವರ್ ಕೇಬಲ್.

ಆ ಕೇಬಲ್ ಯಾವುದು ಅಂತ ಕೇಳಿದೆ. ‘ಅದು ಮೊದಲಿಂದಲೂ ಇದ್ದದ್ದೇ ಅಣ್ಣ.’

ಮೊದಲಿನಿಂದಲೂ ಅಂದರೆ ಹಳೆಯ 550 ವ್ಯಾಟಿನ ಜೊತೆ ಬಂದದ್ದು. 24 ಪಿನ್, ಸಿಪಿಯು ಕೇಬಲ್ ಹಳೆಯ ಡಬ್ಬಿಗೇ ಅಂಟಿಕೊಂಡಿದ್ದರಿಂದ ಅವು ಅದರ ಜೊತೆ ಹೊರಗೆ ಹೋದವು, ಹೊಸದು ಹಾಕಲೇಬೇಕಾಯಿತು. ಗ್ರಾಫಿಕ್ಸ್ ಕಾರ್ಡಿಗೆ ಎರಡು ಬೇಕಿತ್ತು, ಅದೂ ಹೊಸದು. ಸಾಟಾ ಕೇಬಲ್ ಒಂದು ಮಾತ್ರ ಹಿಂಬದಿಯಲ್ಲಿ ಜಿಪ್ ಟೈ ಹಾಕಿ ನೀಟಾಗಿ ಕಟ್ಟಿದ್ದ. ಅದರ 6 ಪಿನ್ ತುದಿಯನ್ನು ಹಳೆಯ ಡಬ್ಬಿಯಿಂದ ಕಿತ್ತು ಹೊಸ ಡಬ್ಬಿಗೆ ಒತ್ತಿದ, ಟಕ್ ಅಂತ ಕೂತಿತು. ಬಲ ಹಾಕಿ ತುರುಕಿದ್ದೇನೂ ಅಲ್ಲ. ಕೂತರೆ ಸರಿ ಇದೆ ಅಂತಲೇ ಅಲ್ವಾ ಯಾರಾದರೂ ಅಂದುಕೊಳ್ಳುವುದು? ಏನೇನು ಬದಲಾಯಿಸಿದೆ ಅಂತ ಕೇಳಿದವರಿಗೆಲ್ಲ ಅವನು ‘ಎಸ್‌ಎಂಪಿಎಸ್, ಕಾರ್ಡ್’ ಎಂದೇ ಹೇಳಿದ್ದ. ಬದಲಾಯಿಸದೆ ಬಿಟ್ಟದ್ದನ್ನು ಯಾರೂ ಕೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಸಾಟಾ ಕೇಬಲ್ಲಿನ ಡಿಸ್ಕ್ ಕಡೆಯ ತುದಿಗೆ ನಿಯಮ ಇದೆ, ಜಗತ್ತಿನಲ್ಲಿ ಎಲ್ಲ ಕಡೆ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5, ಯಾವುದು ಗ್ರೌಂಡ್ ಅನ್ನುವುದು ತಯಾರಕರ ಇಷ್ಟ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೇ ಬೇರೆ ಇರಬಹುದು. ಪ್ಲಗ್ಗಿನ ಆಕಾರ ಮಾತ್ರ ಒಂದೇ ಥರ ಇರುತ್ತದೆ, ಅದೇ ಅಪಾಯ.

ಕೇಬಲ್ ಅಳೆದು ನೋಡಿದ್ದು

ಅನುಮಾನ ಅನ್ನುವಲ್ಲಿಗೇ ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ವೈರ್‌ಮನ್ ಹತ್ತಿರ ಮಲ್ಟಿಮೀಟರ್ ಇತ್ತು. ಹಳೆಯ ಸಾಟಾ ಕೇಬಲ್, ಹೊಸ ಡಬ್ಬದಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದ ಸಾಟಾ ಕೇಬಲ್, ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡ. ಕರೆಂಟಿಗೆ ಯಾವುದೂ ಸಿಕ್ಕಿಸಿಲ್ಲ. ಮೀಟರನ್ನು ಬೀಪ್ ಮೋಡಿಗೆ (ಎರಡು ತುದಿ ಒಂದೇ ತಂತಿಯದ್ದಾದರೆ ಬೀಪ್ ಅನ್ನುತ್ತದೆ) ಹಾಕಿ, ಒಂದು ಮುಳ್ಳು ಡಿಸ್ಕ್ ಕಡೆಯ ತುದಿಗೆ, ಇನ್ನೊಂದು ಎಸ್‌ಎಂಪಿಎಸ್ ಕಡೆಯ 6 ಪಿನ್ನಿಗೆ. ತಂತಿಗಳೆಲ್ಲ ಕಪ್ಪು, ಬಣ್ಣ ನೋಡಿ ಹೇಳುವ ಹಾಗಿಲ್ಲ.

ಡಿಸ್ಕ್ ಕಡೆ 15 ಪಿನ್ ಇವೆ, ಮೂರು ಮೂರರ ಐದು ಗುಂಪು: 3.3 ವೋಲ್ಟ್, ಗ್ರೌಂಡ್, 5 ವೋಲ್ಟ್, ಮತ್ತೊಂದು ಗ್ರೌಂಡ್, 12 ವೋಲ್ಟ್. ಪ್ರತಿ ಗುಂಪಿಗೆ ಒಂದು ತಂತಿ. ಹೊಸ ಕೇಬಲ್ಲಿನಲ್ಲಿ ಯಾವ ಗುಂಪು ಯಾವ ಪಿನ್ನಿಗೆ ಹೋಗುತ್ತದೆ ಅಂತ ಬರೆದುಕೊಂಡ. ಅದೇ ಹೊಸ ಎಸ್‌ಎಂಪಿಎಸ್ಸಿನ ನಕ್ಷೆ. ಹಳೆಯದನ್ನೂ ಹಾಗೇ ಬರೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೂರು ತಂತಿ ಒಂದೇ ಜಾಗ, ಎರಡು ಅದಲುಬದಲು: 12 ವೋಲ್ಟ್ ಮತ್ತು ಒಂದು ಗ್ರೌಂಡ್.

ಇನ್ನು ವಿವರಿಸುವುದು ಸುಲಭ. ಹಳೆಯ ಕೇಬಲ್ಲಿನ ಎರಡು ಗ್ರೌಂಡ್ ತಂತಿಗಳಲ್ಲಿ ಒಂದು ಹೊಸ ಎಸ್‌ಎಂಪಿಎಸ್ಸಿನ ಗ್ರೌಂಡಿಗೆ, ಇನ್ನೊಂದು ಅದರ 12 ವೋಲ್ಟಿಗೆ ಹೋಗಿದೆ. ಕೇಬಲ್ ಸುಮ್ಮನೆ ನೇತಾಡುತ್ತಿದ್ದರೆ ಈ ಎರಡು ತಂತಿ ಒಂದಕ್ಕೊಂದು ಸೇರುವುದಿಲ್ಲ. ಆದರೆ ಡಿಸ್ಕಿನ ಒಳಗೆ ಎಲ್ಲ ಗ್ರೌಂಡ್ ಪಿನ್ನುಗಳೂ ಒಂದೇ. ಯಾವ ಡಿಸ್ಕ್ ಹಾಕಿದರೂ 12 ವೋಲ್ಟು ನೇರ ಗ್ರೌಂಡಿಗೆ ಸೇರಿಬಿಡುತ್ತದೆ. ಅದಕ್ಕೇ ಯಾವ ಡಿಸ್ಕ್ ಹಾಕಿದರೂ ಟಿಕ್, ಎರಡೂ ತೆಗೆದರೆ ಗುಂಯ್.

ಅವನ ಅದೃಷ್ಟ ನೋಡಿ. ಶಾರ್ಟ್ ಆದದ್ದೇ ಒಳ್ಳೆಯದಾಯಿತು. ಎಸ್‌ಎಂಪಿಎಸ್ ಕ್ಷಣದಲ್ಲಿ ಆರಿಹೋಗಿದ್ದರಿಂದ ಡಿಸ್ಕುಗಳಿಗೆ ಏನೂ ಆಗಲಿಲ್ಲ. ಗ್ರೌಂಡಿನ ಬದಲು 5 ಮತ್ತು 12 ಅದಲುಬದಲಾಗಿದ್ದರೆ ಮೊದಲಿಗೆ ಶಾರ್ಟ್ ಇರುತ್ತಿರಲಿಲ್ಲ, 5 ವೋಲ್ಟ್ ಬೇಕಾದ ಕಡೆಗೆ 12 ನುಗ್ಗುತ್ತಿತ್ತು. ಎಸ್‌ಎಸ್‌ಡಿಯೂ ಫೋಟೊ ಇದ್ದ ಹಾರ್ಡ್ ಡಿಸ್ಕೂ ಅಲ್ಲೇ ಸುಟ್ಟುಹೋಗಬಹುದಿತ್ತು. ಕೇಬಲ್ ಬೆರಕೆ ಮಾಡಿ ಡಿಸ್ಕ್ ಕಳೆದುಕೊಂಡವರು ಎಷ್ಟೋ ಜನ ಇದ್ದಾರೆ.

ಹೊಸ ಕೇಬಲ್ ಹಾಕುವಾಗ ಮೊದಲು ಎಸ್‌ಎಸ್‌ಡಿ ಒಂದನ್ನೇ ಸಿಕ್ಕಿಸಿಸಿದೆ. ಅದರಲ್ಲಿ ಆಟಗಳು ಮಾತ್ರ ಇದ್ದವು, ಹೋದರೂ ಮತ್ತೆ ಇಳಿಸಿಕೊಳ್ಳಬಹುದು. ಆನ್ ಆಯಿತು, ವಿಂಡೋಸಿನಲ್ಲಿ ಡ್ರೈವ್ ಕಂಡಿತು. ಆಮೇಲೆ ಹಾರ್ಡ್ ಡಿಸ್ಕ್. ಅದೂ ತಿರುಗಿತು. ಬೇರೆ ಏನನ್ನೂ ಮುಟ್ಟದೆ ಮೊದಲು ಫೋಟೊಗಳನ್ನು ಎನ್‌ವಿಎಂಇಗೆ ನಕಲು ಮಾಡಿಸಿದೆ. ಕೊನೆಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ, ಅದೂ ಸರಿ ಇತ್ತು.

ಇದರಿಂದ ಏನು ತಿಳಿಯಿತು

ಬಿಡಿ ಭಾಗಗಳನ್ನು ಅಂಗಡಿಗೆ ಒಯ್ಯುವ ಅಭ್ಯಾಸದ ಬಗ್ಗೆ ಒಂದು ಮಾತು. ಒಂದೊಂದು ಭಾಗ ತಾನಾಗಿ ಕೆಟ್ಟಿದೆಯಾ ಅನ್ನುವುದಕ್ಕೆ ಮಾತ್ರ ಆ ಪರೀಕ್ಷೆ ಉತ್ತರ ಕೊಡುತ್ತದೆ. ಭಾಗಗಳ ನಡುವಿನ ಜೋಡಣೆಯಲ್ಲಿ ಕೆಟ್ಟಿದ್ದರೆ ಅಂಗಡಿ ಮೇಜಿನ ಮೇಲೆ ಎಲ್ಲವೂ ಪಾಸು. ಮನೆಯಲ್ಲೇ, ಕ್ಯಾಬಿನೆಟ್ಟಿನ ಹೊರಗೆ, ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೆ ಬೋರ್ಡ್ ಇಟ್ಟು ಜೋಡಿಸಿ ನೋಡಿ. ಬೋರ್ಡಿನ ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ ಚೀಲದ ಮೇಲೆ ಮಾತ್ರ ಬೇಡ, ಅದರಲ್ಲಿ ಲೋಹದ ಪದರ ಇರುತ್ತದೆ, ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, 24 ಪಿನ್, ಸಿಪಿಯು ಕೇಬಲ್ ಇಷ್ಟರಿಂದ ಶುರು ಮಾಡಿ, ಒಂದೊಂದೇ ಸೇರಿಸುತ್ತಾ ಹೋಗುವುದು. ಹುಡುಗ ಮೊದಲ ಸಂಜೆ ಹೀಗೆ ಮಾಡಿದ್ದರೆ ಡಿಸ್ಕ್ ಸೇರಿಸುವ ಹೊತ್ತಿಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಕ್ಲಿಪ್ ಪರೀಕ್ಷೆ ಮಾಡುವವರು ಕೂಡ ಎಸ್‌ಎಂಪಿಎಸ್ಸಿನಿಂದ ಎಲ್ಲ ಕೇಬಲ್ ಬಿಚ್ಚಿ, 24 ಪಿನ್ ಒಂದನ್ನೇ ಇಟ್ಟುಕೊಂಡು ಮೊದಲು ಮಾಡಿ. ಪಾಸಾದರೆ ಆಮೇಲೆ ಡಿಸ್ಕ್ ಸೇರಿಸಿ ಮತ್ತೊಮ್ಮೆ.

ಪದೇ ಪದೇ ಬಟನ್ ಒತ್ತುವ ಚಟ ಬೇಡ. ಟಿಕ್ ಅಂದರೆ ಒಳಗೆ ಶಾರ್ಟ್ ಇರುವ ಸಾಧ್ಯತೆ ಜಾಸ್ತಿ, ಪ್ರತಿ ಸಲವೂ ರಕ್ಷಣೆ ಸಮಯಕ್ಕೆ ಸರಿಯಾಗಿ ಹಿಡಿಯುತ್ತದೆ ಅಂತ ಪಂದ್ಯ ಕಟ್ಟಿದ ಹಾಗೆ ಆಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚುವುದಂತೂ ಬೇಡವೇ ಬೇಡ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಅಂಗಡಿಯವರನ್ನು ನಾನು ಬೈಯುವುದಿಲ್ಲ. ಅವರು ಮಾಡಿದ ಎರಡೂ ಪರೀಕ್ಷೆ ಸರಿ ಇದ್ದವು, ಅಳತೆಯೂ ಸರಿ. ಹುಡುಗ ಹೇಳಿದ್ದನ್ನು ಸಾಕ್ಷಿ ಅಂತ ತೆಗೆದುಕೊಳ್ಳಲಿಲ್ಲ, ಅಷ್ಟೇ. ಆಮೇಲೆ ಹುಡುಗ ಎರಡು ನಕ್ಷೆ ಬರೆದ ಚೀಟಿಯನ್ನು ಅವರಿಗೆ ತೋರಿಸಿದ. ಅವರೂ ತಮ್ಮ ಕೇಬಲ್ ಪೆಟ್ಟಿಗೆಯಲ್ಲಿ ಕಲಸಿ ಬಿದ್ದಿದ್ದ ಮಾಡ್ಯುಲರ್ ಕೇಬಲ್ಲುಗಳನ್ನು ಬೇರೆ ಮಾಡಲು ಕೂತರಂತೆ. ಯಾವುದು ಯಾವ ಡಬ್ಬಿಯದ್ದು ಅಂತ ಗೊತ್ತಾಗದ್ದನ್ನು ಗುಜರಿಗೆ ಹಾಕಿದರಂತೆ.

ಹಳೆಯ 550 ವ್ಯಾಟಿನ ಎಸ್‌ಎಂಪಿಎಸ್ ಇನ್ನೂ ಚೆನ್ನಾಗಿತ್ತು, ಅದನ್ನು ಹುಡುಗ ಕಾಲೇಜಿನ ಒಬ್ಬನಿಗೆ ಮಾರಿದ. ಅದರ ಕೇಬಲ್ಲುಗಳನ್ನೆಲ್ಲ ಹುಡುಕಿ ಡಬ್ಬಿಗೇ ಕಟ್ಟಿ ಕೊಡಲು ಹೋದರೆ ಕೊಳ್ಳುವವನು, ‘ಕೇಬಲ್ ಬೇಡ ಮಗಾ, ನನ್ನ ಹತ್ರ ಬೇಕಾದಷ್ಟಿವೆ’ ಅಂದನಂತೆ. ಕೇಬಲ್ ತೆಗೆದುಕೊಳ್ಳದಿದ್ದರೆ ಎಸ್‌ಎಂಪಿಎಸ್ಸೂ ಕೊಡುವುದಿಲ್ಲ ಅಂತ ಇವನು ಹಟ ಹಿಡಿದು ಕೊಟ್ಟು ಬಂದ.